ಸೀಟಿನ ಬೆಲ್ಟು ಕಡೀತನಕ ಎಳೆದು ನೋಡ್ರಿ!

ಮೂಡಲಗಿಯ ದನದ ಸಂತೆಯಲ್ಲಿ ಎಮ್ಮೆ ಕೊಳ್ಳುವವರನ್ನು ವಾಚಕರು ನೋಡಿಯೇ ಇರುತ್ತಾರೆ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಕೆಚ್ಚಲು ಮುಟ್ಟುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ಕಾಲು ಕುಂಟುತ್ತದೆಯೋ ಎಂದು ಪರೀಕ್ಷಿಸುತ್ತಾರೆ. ಮಾರುವವನು ‘ಎರಡನೇ ಸೂಲು’ ಎಂದರೆ ಕೊಂಬಿನ ಉಂಗುರ ಎಣಿಸಿ ‘ನಾಕನೇದು ಐತಿ, ಸುಳ್ಳ ಯಾಕ ಹೇಳ್ತಿ’ ಎಂದು ಅಲ್ಲಿಯೇ ತಿರುಗಿ ಬೀಳುತ್ತಾರೆ. ಹಿಂಡಿ ತೋರಿಸದ ಹೊರತು ಇಸಾರದ ರೊಕ್ಕ ಬಿಚ್ಚುವುದಿಲ್ಲ.

ಇದೇ ಮಂದಿ ಕಬ್ಬಿನ ಬಿಲ್ಲು ಕೈಸೇರಿದ ಮೇಲೆ ಮೂರು-ನಾಲ್ಕು ಲಕ್ಷ ಕೊಟ್ಟು ಹಳೆಯ ಕಾರು ಕೊಳ್ಳುವಾಗ ಏನು ನೋಡುತ್ತಾರೆ? ಬಣ್ಣ ನೋಡುತ್ತಾರೆ. ಬಾಗಿಲು ಬಡಿದು ಸಪ್ಪಳ ಕೇಳುತ್ತಾರೆ. ಹಾಡು ಹಚ್ಚಿ ತಲೆದೂಗುತ್ತಾರೆ. ‘ಎಸಿ ಛಲೋ ಹೊಡೀತೈತಿ’ ಎನ್ನುತ್ತಾರೆ. ಮುಗಿಯಿತು! ನಿಂಬೆಹಣ್ಣು ಗಾಲಿಯ ಕೆಳಗೆ, ರೊಕ್ಕ ದಲಾಲಿಯ ಕಿಸೆಯಲ್ಲಿ.

ಎಮ್ಮೆಗಿರುವ ಮರ್ಯಾದೆ ಕಾರಿಗೆ ಇಲ್ಲದಾಯಿತೇ?

ಮಿರಜ ಗಾಡಿಯಲ್ಲಿ ಹೋಗಿ ಕಾರಿನಲ್ಲಿ ಬಂದದ್ದು

ಘಟಪ್ರಭೆಯ ಕಿರಾಣಿ ವ್ಯಾಪಾರಿಯೊಬ್ಬರ ಕಥೆ ಹೇಳುತ್ತೇನೆ. ಹೆಸರು ಬೇಡ ಎಂದು ಕೈಮುಗಿದಿದ್ದಾರೆ. ‘ಮಂದಿ ನಗತಾರ’ ಎಂಬುದು ಅವರ ಅಂಜಿಕೆ. ವಾಸ್ತವದಲ್ಲಿ ನಗುವವರೇ ನಾಳೆ ಇದೇ ಗುಂಡಿಗೆ ಬೀಳುವವರು.

2023ರ ದೀಪಾವಳಿಗೆ ಮುಂಚೆ ಇವರಿಗೆ ಒಂದು ಕಾರು ಬೇಕಾಯಿತು. ತಾಯಿಯನ್ನು ತಿಂಗಳಿಗೆರಡು ಸಲ ಬೆಳಗಾವಿಗೆ ದವಾಖಾನೆಗೆ ಒಯ್ಯಬೇಕು. ಬಸ್ಸಿನಲ್ಲಿ ಆ ಮುದುಕಿ ಕುಳಿತುಕೊಳ್ಳಲಾರಳು. ಪ್ರತಿ ಸಲ ಬಾಡಿಗೆ ಗಾಡಿ ಮಾಡಿದರೆ ಅಂಗಡಿಯ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಪರಿಚಯದವರೊಬ್ಬರು ‘ಕೊಲ್ಲಾಪುರ ಕಡೆ ಸೋವಿ ಸಿಗತಾವು’ ಎಂದರು. ಇವರು ನಮ್ಮ ಸ್ಟೇಶನ್ನಿನಲ್ಲಿ ಮಿರಜ ಗಾಡಿ ಹತ್ತಿದರು. ಅಲ್ಲಿಂದ ದಲಾಲಿಯ ಸಂಗಡ ಮುಂದೆ ಹೋದರು. ಸಂಜೆಗೆ 2018ರ ಮಾಡೆಲ್ಲಿನ ಬಿಳಿ ಕಾರಿನಲ್ಲಿ ಕುಳಿತು ಊರಿಗೆ ಬಂದರು. 3 ಲಕ್ಷ 60 ಸಾವಿರ ರೂಪಾಯಿ. ಮೀಟರಿನಲ್ಲಿ 42,000 ಕಿಲೋಮೀಟರು. ಒಳಗೆ ಮಲ್ಲಿಗೆಯ ವಾಸನೆ ಘಮಘಮ.

ಬೇಸಿಗೆ ಕಳೆಯಿತು. ಮುಂದಿನ ಮಳೆಗಾಲಕ್ಕೆ ಕಾರಿನ ಗುಣ ಹೊರಗೆ ಬಿತ್ತು. ಹಾರನ್ನು ತಾನೇ ಹೊಡೆದುಕೊಳ್ಳುವುದು. ಗಾಜು ಇಳಿದರೆ ಏರದು. ಒಂದು ರಾತ್ರಿ ತಾಯಿಯನ್ನು ಕೂರಿಸಿಕೊಂಡು ಬರುವಾಗ ನಡುದಾರಿಯಲ್ಲಿ ಎಲ್ಲ ದೀಪ ಒಮ್ಮೆಲೇ ಆರಿ ಎಂಜಿನ್ನು ನಿಂತಿತು. ಹಿಂದೆ ಕಬ್ಬಿನ ಟ್ರಾಕ್ಟರು ಇರಲಿಲ್ಲ, ಬದುಕಿದರು.

ಮಿಸ್ತ್ರಿ ಬಂದು ಕಾಲಕೆಳಗಿನ ಗಾಲೀಚೆ ಎತ್ತಿದ. ಅದರಡಿ ಹಿಟ್ಟಿನಂತಹ ಒಣ ರಾಡಿ! ಸೀಟಿನ ಬೆಲ್ಟನ್ನು ಕಡೆತನಕ ಎಳೆದ. ಕೊನೆಯ ಒಂದು ಗೇಣಿನಲ್ಲಿ ಹೊಳಿ ನೀರಿನ ಗೆರೆ, ಬಟ್ಟೆಗೆ ಚಹದ ಕಲೆ ಕೂತಂತೆ ಕೂತಿತ್ತು. ಆಮೇಲೆ ಇವರು ಆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋಗಿ ಹಳೆಯ ದಾಖಲೆ ತೆಗೆಸಿದರು. ಕೊನೆಯ ಸರ್ವಿಸು 2021ರ ಜೂನ್. ಆಗಿನ ಮೀಟರು 61,000. ಅದರ ನಂತರ ಆ ಕಾರು ಕಂಪನಿಯ ಮೆಟ್ಟಿಲು ಹತ್ತಿಯೇ ಇಲ್ಲ.

2021ರ ಜುಲೈನಲ್ಲಿ ಕೊಲ್ಲಾಪುರದಲ್ಲಿ ಪಂಚಗಂಗೆ ಬಂದದ್ದು, ಪುಣೆ-ಬೆಂಗಳೂರು ಹೆದ್ದಾರಿ ನೀರಿನಲ್ಲಿ ಮುಳುಗಿದ್ದು ವಾಚಕರಿಗೆ ನೆನಪಿದೆ. ಲೆಕ್ಕ ನೀವೇ ಹಾಕಿರಿ. ಎರಡು ವರ್ಷದಲ್ಲಿ ಹಿಂದಕ್ಕೆ ಓಡಿದ ಏಕೈಕ ಕಾರು ಇದೇ ಇರಬೇಕು: 61 ಸಾವಿರದಿಂದ 42 ಸಾವಿರಕ್ಕೆ!

ವಾಯರಿಂಗು ಪೂರ್ತಿ ಬದಲಿಸಲು 90 ಸಾವಿರ ಎಂದು ಮಿಸ್ತ್ರಿ ಹೇಳಿದ್ದಾನೆ. ಅಂಗಡಿಗೆ ಬರುವ ಪ್ರತಿ ಸಕ್ಕರೆ ಚೀಲವನ್ನು ತಕ್ಕಡಿಗೆ ಹಚ್ಚಿ ಇಳಿಸಿಕೊಳ್ಳುವ ಮನುಷ್ಯ ಇವರು. 200 ಗ್ರಾಮು ಕಡಿಮೆ ಬಂದರೆ ಲಾರಿಯವನನ್ನು ಬಿಡುವುದಿಲ್ಲ.

15 ವರ್ಷ ಕೇಳುವವರೇ ಇಲ್ಲ

ಈಗ ಮುಖ್ಯ ಮಾತಿಗೆ ಬರೋಣ. ಈ ವ್ಯಾಪಾರಿ ಕೊಳ್ಳುವ ಮುಂಚೆ ‘ಈ ಕಾರನ್ನು ಸರ್ಕಾರದವರು ಯಾವಾಗ ತಪಾಸಣೆ ಮಾಡಿದ್ದರು, ಏನು ಬರೆದಿದ್ದರು’ ಎಂದು ಕೇಳಿದ್ದರೆ ಏನು ಉತ್ತರ ಸಿಗುತ್ತಿತ್ತು? ಯಾವ ಉತ್ತರವೂ ಇಲ್ಲ. ಯಾಕಂದರೆ ನಮ್ಮಲ್ಲಿ ಬಿಳಿ ಬೋರ್ಡಿನ ಖಾಸಗಿ ಕಾರು ಒಮ್ಮೆ ನೋಂದಣಿಯಾದರೆ 15 ವರ್ಷದವರೆಗೆ ಅದರ ಬ್ರೇಕು, ಸ್ಟೇರಿಂಗು, ತಳ ನೋಡುವ ಸರ್ಕಾರಿ ತಪಾಸಣೆ ಎಂಬುದೇ ಇಲ್ಲ. 15 ತುಂಬಿದ ಮೇಲೆ ಸಾರಿಗೆ ಕಚೇರಿಗೆ ಒಯ್ದು ತೋರಿಸಿ ನೋಂದಣಿ ನವೀಕರಿಸಬೇಕು, ನಂತರ ಐದೈದು ವರ್ಷಕ್ಕೊಮ್ಮೆ. ಆ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ ಬಂಡಿಗೆ ಇನ್ನೂ ಹೆಚ್ಚು. 13-14 ವರ್ಷದ ಕಾರು ‘ಭಾಳ ಸೋವಿ’ ಎಂದು ಕೊಳ್ಳುವವರು ಈ ಖರ್ಚು ಹಿಡಿದೇ ಚೌಕಾಶಿ ಮಾಡಬೇಕು.

‘ಪಿಯುಸಿ ಐತಲ್ಲರಿ, ತಪಾಸ ಆಗೇತಿ’ ಎಂದು ದಲಾಲಿಗಳು ಚೀಟಿ ತೋರಿಸುತ್ತಾರೆ. ಅದು ಹೊಗೆಯ ಚೀಟಿ. ಕೊಳವೆಯಲ್ಲಿ ಬರುವ ಹೊಗೆ ಎಷ್ಟು ಕೆಟ್ಟದ್ದು ಎಂಬುದಷ್ಟೇ ಅದರಲ್ಲಿ ಇರುವುದು. ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ಅದು ಹೇಳದು.

ವಿಲಾಯತಿಯ ಪದ್ಧತಿ ಬೇರೆ. ಬ್ರಿಟನ್ನಿನಲ್ಲಿ ‘ಎಂಓಟಿ’ ಎಂಬ ತಪಾಸಣೆ 1960ರಿಂದ ಇದೆ. ಮೂರು ವರ್ಷ ತುಂಬಿದ ಕಾರನ್ನು ಪ್ರತಿ ವರ್ಷ ತೋರಿಸಬೇಕು. ಎಂದು ಪಾಸಾಯಿತು, ಎಂದು ಫೇಲಾಯಿತು, ಯಾವ ಕಾರಣಕ್ಕೆ, ಆಗ ಮೀಟರು ಎಷ್ಟಿತ್ತು ಎಂಬುದನ್ನು ಕಾರಿನ ನಂಬರು ಹೊಡೆದು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಅಲ್ಲಿ ಮೀಟರು ಹಿಂದೆ ತಿರುಗಿಸಿದರೆ ಮರುದಿನವೇ ಬಯಲು.

ನಮ್ಮಲ್ಲಿ ವಿಚಿತ್ರ ನೋಡಿ, ಹಳದಿ ಬೋರ್ಡಿನ ಬಂಡಿಗೆ ಈ ಚರಿತ್ರೆ ಇದೆ! ಟ್ಯಾಕ್ಸಿ, ಟಂಟಂ, ಸರಕಿನ ಚಿಕ್ಕ ಗಾಡಿಗಳಿಗೆ ಫಿಟ್‌ನೆಸ್ ಸರ್ಟಿಫಿಕೇಟು ಕಡ್ಡಾಯ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಅಂಗಡಿಯ ಮಾಲು ಸಾಗಿಸಲು ಹಳೆಯ ಚಿಕ್ಕ ಟ್ರಕ್ಕು ಕೊಳ್ಳುವ ವ್ಯಾಪಾರಿ ಬಂಧುಗಳು ಇದನ್ನು ಗಮನಿಸಬೇಕು. ಹಳೆಯ ಫಿಟ್‌ನೆಸ್ ಕಾಗದಗಳನ್ನು ಸಾಲಾಗಿ ಇಟ್ಟು ತಾರೀಖು ನೋಡಿರಿ. ನಡುವೆ ವರ್ಷವೋ ಎಂಟು ತಿಂಗಳೋ ಖಾಲಿ ಇದ್ದರೆ ಆಗ ಬಂಡಿ ಎಲ್ಲಿತ್ತು? ಗ್ಯಾರೇಜಿನಲ್ಲಿತ್ತೋ, ಪೊಲೀಸ್ ಠಾಣೆಯ ಅಂಗಳದಲ್ಲಿತ್ತೋ, ಫಿಟ್‌ನೆಸ್ ಇಲ್ಲದೆ ಓಡುತ್ತಿತ್ತೋ? ಕೇಳಿರಿ. ಮಾರುವವನು ತೊದಲಿದರೆ ಎದ್ದು ಬನ್ನಿರಿ.

ಹೊಳಿ ನೀರು ಕುಡಿದ ಕಾರುಗಳು

ನಮ್ಮ ಭಾಗಕ್ಕೆ ಈ ಪ್ರಶ್ನೆ ಬೇರೆ ಊರುಗಳಿಗಿಂತ ಹೆಚ್ಚು ಗಂಭೀರ. ಕಾರಣ ಸರಳ. 2019ರ ಆಗಸ್ಟಿನಲ್ಲಿ ಕೊಲ್ಲಾಪುರ, ಸಾಂಗಲಿ ಮುಳುಗಿದವು. 2021ರ ಜುಲೈನಲ್ಲಿ ಮತ್ತೆ ಮುಳುಗಿದವು. ಆ ಊರುಗಳಿಂದ ನಮ್ಮ ಸಂಕೇಶ್ವರ, ಹುಕ್ಕೇರಿ, ಘಟಪ್ರಭಾ, ಗೋಕಾಕಕ್ಕೆ ಕಾರು ಬರಲು ಅರ್ಧ ದಿನವೂ ಬೇಡ.

ಅವರನ್ನಷ್ಟೇ ಬೈದು ಕೈತೊಳೆದುಕೊಂಡರೆ ಆಗದು. 2019ರಲ್ಲಿ ಇದೇ ಘಟಪ್ರಭಾ ಹೊಳಿ ಗೋಕಾಕದ ಮನೆ-ಅಂಗಡಿಗಳಿಗೆ ನುಗ್ಗಲಿಲ್ಲವೇ? ಲೋಳಸೂರ ಸೇತುವೆ ಮುಳುಗಲಿಲ್ಲವೇ? 2021ರಲ್ಲಿ, 2024ರಲ್ಲಿ ಮತ್ತೆ ಅದೇ ಪಾಡು. ಆಗ ಅಂಗಳದಲ್ಲಿ ನಿಂತು ಮುಳುಗಿದ ನಮ್ಮವರ ಗಾಡಿಗಳು ಎಲ್ಲಿ ಹೋದವು? ನಮ್ಮೂರ ರಾಡಿ ಹೊತ್ತ ಕಾರೊಂದು ಇಂದು ಯಾವುದೋ ದೂರದೂರಿನ ಬಡ ಮಾಸ್ತರರ ಮನೆಮುಂದೆ ನಿಂತಿದ್ದೀತು. ಆ ಪಾಪ ನಮ್ಮ ಲೆಕ್ಕಕ್ಕೆ.

ಮುಳುಗಿದ ಕಾರು ಮತ್ತೆ ರಸ್ತೆಗೆ ಬರುವುದು ಹೇಗೆ? ರಿಪೇರಿಯ ಖರ್ಚು ವಿಮೆಯ ಮೊತ್ತದ ಶೇ. 75ನ್ನು ದಾಟಿತೆಂದರೆ ವಿಮೆಯವರು ಅದನ್ನು ‘ಪೂರ್ಣ ನಷ್ಟ’ ಎಂದು ಬರೆಯುತ್ತಾರೆ. ಮಾಲೀಕನಿಗೆ ಪರಿಹಾರ ಸಿಗುತ್ತದೆ. ಕಾರು ಹರಾಜಿಗೆ ಹೋಗುತ್ತದೆ. ಬಿಡಿಭಾಗಕ್ಕೆಂದು ಕೊಂಡವನು ಬಿಚ್ಚಿ ಮಾರಿದರೆ ಯಾರಿಗೂ ಅಡ್ಡಿಯಿಲ್ಲ. ಆದರೆ ಎಷ್ಟೋ ಸಲ ನೋಂದಣಿ ಪುಸ್ತಕ ರದ್ದಾಗದೆ ಕಾರಿನ ಸಂಗಡವೇ ಹೋಗುತ್ತದೆ. ಪುಸ್ತಕವಿದ್ದ ಮೇಲೆ ತಡವೇನು? ತೊಳೆದು, ಒಣಗಿಸಿ, ಸೀಟಿನ ಬಟ್ಟೆ ಬದಲಿಸಿ, ಅತ್ತರು ಹೊಡೆದು ನಿಲ್ಲಿಸಿದರೆ ಅದು ‘ಒಬ್ಬ ಡಾಕ್ಟರು ಇಟ್ಟುಕೊಂಡಿದ್ದ ಕಾರು’. ಈ ಡಾಕ್ಟರುಗಳು ಎಷ್ಟು ಕಾರು ಇಟ್ಟುಕೊಳ್ಳುತ್ತಾರಪ್ಪಾ! ಒಂದೂ ದಲಾಲಿ ಬಾಯಿಂದ ‘ಡ್ರೈವಿಂಗ್ ಸ್ಕೂಲಿನ ಕಾರು’ ಎಂಬ ಮಾತು ನಾನು ಕೇಳಿಲ್ಲ.

ನೀರು ಎಂಜಿನ್ನಿಗೆ ಹೊಕ್ಕರೆ ಬಿಚ್ಚಿ ಕಟ್ಟಬಹುದು. ತೊಂದರೆ ಇರುವುದು ವಾಯರಿನಲ್ಲಿ. ಈಗಿನ ಕಾರಿನಲ್ಲಿ ಸೀಟಿನ ಕೆಳಗೆ, ಡ್ಯಾಶಿನ ಒಳಗೆ, ಎಲ್ಲೆಲ್ಲಿಯೂ ವಾಯರಿನ ಕಟ್ಟು, ಪ್ಲಗ್ಗು, ಕಂಪ್ಯೂಟರಿನ ಡಬ್ಬಿ. ಹೊಳಿಯ ರಾಡಿ ಪ್ಲಗ್ಗಿನ ಹಿತ್ತಾಳೆಗೆ ಹತ್ತಿದರೆ ಹಸಿರು ಕಿಲುಬು ಹಿಡಿಯುತ್ತದೆ. ಅದು ಇಂದು ಕೆಡದು, ನಾಳೆ ಕೆಡದು. ಆರು ತಿಂಗಳಿಗೋ ವರ್ಷಕ್ಕೋ, ನೀವು ರೊಕ್ಕ ಕೊಟ್ಟು ರಶೀದಿ ಕಳೆದುಕೊಂಡ ಮೇಲೆ, ನಡುರಾತ್ರಿ ಕೆಡುತ್ತದೆ. ಅಪಘಾತದಲ್ಲಿ ಬಿಚ್ಚಿಕೊಳ್ಳಬೇಕಾದ ಗಾಳಿಚೀಲಕ್ಕೂ ಇದೇ ವಾಯರೇ ಆಧಾರ.

ಆದ್ದರಿಂದ ನೋಡುವಾಗ ನಾಚಬೇಡಿರಿ. ನಾಲ್ಕೂ ಬೆಲ್ಟುಗಳನ್ನು ಪೂರ್ತಿ ಎಳೆಯಿರಿ. ತೊಳೆಯುವವರು ಮುಂದಿನ ಮೊಳ ತೊಳೆಯುತ್ತಾರೆ, ಸುರುಳಿಯೊಳಗಿನದನ್ನು ಮರೆಯುತ್ತಾರೆ. ಗಾಲೀಚೆಯ ಮೂಲೆ ಎತ್ತಿ ಮೂಸಿರಿ. ಸ್ಟೆಪ್ನಿ ತೆಗೆದು ಆ ಗುಂಡಿಯೊಳಗೆ ಬೆರಳು ಆಡಿಸಿರಿ. ಸೀಟಿನ ಕೆಳಗಿನ ಬೋಲ್ಟಿಗೆ ತುಕ್ಕು ಹಿಡಿದಿದ್ದರೆ ಸೀಟಿನ ಮಟ್ಟಕ್ಕೆ ನೀರು ಬಂದಿತ್ತೆಂದೇ ತಿಳಿಯಿರಿ. ಚಾಲಕನ ಕೈಯಿಂದ ಚಹ ಚೆಲ್ಲಿ ಬೋಲ್ಟು ತುಕ್ಕು ಹಿಡಿಯುವುದಿಲ್ಲ. ಮುಂದಿನ ದೀಪದ ಗಾಜಿನೊಳಗೆ ಮಂಜು ಕಟ್ಟಿದೆಯೋ ನೋಡಿರಿ. ಅತ್ತರಿನ ವಾಸನೆ ವಿಪರೀತ ಇದ್ದರೆ ನಾಲ್ಕೂ ಗಾಜು ಮುಚ್ಚಿ ಬಿಸಿಲಿಗೆ ಅರ್ಧ ತಾಸು ನಿಲ್ಲಿಸಿರಿ. ಬಾಗಿಲು ತೆಗೆದ ಮೊದಲ ಉಸಿರಿಗೆ ಹಸಿ ಗೋಣಿಚೀಲದ ನಾತ ಬಂದರೆ ನಮಸ್ಕಾರ ಹೇಳಿ ಬಸ್ಸು ಹತ್ತಿರಿ.

ವಿಮೆ ಕಾಗದದ ಒಂದು ಕಲಮು

ಸರ್ಕಾರಿ ತಪಾಸಣೆಯ ಚರಿತ್ರೆ ಇಲ್ಲವೆಂದ ಮಾತ್ರಕ್ಕೆ ಕೈಚೆಲ್ಲಬೇಕಿಲ್ಲ. ಕಾರಿನ ಚರಿತ್ರೆ ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲಿ ಬಿದ್ದಿರುತ್ತದೆ. ಹೆಕ್ಕಿ ಕೂಡಿಸಬೇಕು.

ವಿಮೆ ಪಾಲಿಸಿಯಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬ ಒಂದು ಕಲಮು ಇರುತ್ತದೆ. ನಮ್ಮ ಮಂದಿ ಇದನ್ನು ಓದುವುದೇ ಇಲ್ಲ. ಒಂದು ವರ್ಷ ಪರಿಹಾರ ಕೇಳದಿದ್ದರೆ ಶೇ. 20 ರಿಯಾಯಿತಿ. ಎರಡನೇ ವರ್ಷ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಮ್ಮೆ ಪರಿಹಾರ ತೆಗೆದುಕೊಂಡರೆ ಸೊನ್ನೆಗೆ ಇಳಿಯುತ್ತದೆ. ಹಾವು-ಏಣಿ ಆಟದಂತೆ. ಒಬ್ಬನೇ ಮಾಲೀಕನ ಕೈಯಲ್ಲಿ ಐದು ವರ್ಷ ಇದ್ದ ಕಾರಿನ ಬೋನಸ್ಸು ಕಳೆದ ವರ್ಷ ಸೊನ್ನೆ ಆಗಿದ್ದರೆ ಅದಕ್ಕೂ ಹಿಂದಿನ ವರ್ಷ ಏನೋ ಗುದ್ದಾಟ ನಡೆದಿದೆ. ‘ಸಣ್ಣ ಗೀರು’ ಎನ್ನುತ್ತಾರೆ. ಗೀರು ಬಿದ್ದದ್ದಕ್ಕೆ ಯಾರೂ 35ರ ರಿಯಾಯಿತಿ ಕಳೆದುಕೊಳ್ಳುವುದಿಲ್ಲ ಸ್ವಾಮಿ. ಹಿಂದಿನ ಮೂರು ವರ್ಷದ ಪಾಲಿಸಿ ಕೇಳಿರಿ.

ಇದರಲ್ಲಿ ಒಂದು ತಿರುವು ಇದೆ, ಹೇಳಿಬಿಡುತ್ತೇನೆ. ಈ ಬೋನಸ್ಸು ಮಾಲೀಕನದು, ಕಾರಿನದಲ್ಲ. ಕಾರು ಕೈ ಬದಲಿಸಿದರೆ ಹೊಸಬನಿಗೆ ಬರದು. ಹಾಗಾಗಿ ಎರಡನೇ-ಮೂರನೇ ಮಾಲೀಕನ ಪಾಲಿಸಿಯಲ್ಲಿ ಸೊನ್ನೆ ಕಂಡರೆ ಅಪಘಾತವೇ ಆಗಿದೆ ಎನ್ನಲಾಗದು. ಬೋನಸ್ಸು ಕಾಯ್ದುಕೊಳ್ಳುವ ಹೆಚ್ಚುವರಿ ವಿಮೆ ಮಾಡಿಸಿದ್ದರೆ ಪರಿಹಾರ ತೆಗೆದುಕೊಂಡರೂ ರಿಯಾಯಿತಿ ಉಳಿಯಬಹುದು. ಹಿಂದೆ ಪೂರ್ಣ ವಿಮೆ ಇದ್ದು ಮಾರುವ ವರ್ಷ ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿದ್ದರೆ ಅದೂ ಯೋಚನೆಗೆ ಹಚ್ಚುವ ಸಂಗತಿ. ನಮ್ಮ ಕಿರಾಣಿ ವ್ಯಾಪಾರಿಗೆ ಸಿಕ್ಕ ಪಾಲಿಸಿ ಅಂಥದ್ದೇ.

ಎರಡನೆಯದು ಸರ್ವಿಸ್ ದಾಖಲೆ. ಕಂಪನಿಯ ಕೇಂದ್ರದಲ್ಲಿ ಪ್ರತಿ ಭೇಟಿಯ ತಾರೀಖು, ಕಿಲೋಮೀಟರು, ಮಾಡಿದ ಕೆಲಸ ಬರೆದಿರುತ್ತದೆ. ಮಾರುವವನನ್ನು ಸಂಗಡ ಕರೆದೊಯ್ದು, ಚಾಸಿ ನಂಬರು ಕೊಟ್ಟು ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಮಾರುವವನು ಬರಲೊಲ್ಲೆ ಎಂದರೆ? ಉತ್ತರ ಅಲ್ಲಿಯೇ ಸಿಕ್ಕಿತು. ಕಿರಾಣಿ ವ್ಯಾಪಾರಿ ಈ ಕೆಲಸವನ್ನು ರೊಕ್ಕ ಕೊಟ್ಟ ಮೇಲೆ ಮಾಡಿದರು. ಮೊದಲೇ ಮಾಡಿದ್ದರೆ ಒಂದು ಮುಂಜಾನೆ ಹೋಗುತ್ತಿತ್ತು, 3 ಲಕ್ಷ 60 ಸಾವಿರ ಉಳಿಯುತ್ತಿತ್ತು.

ಮೂರನೆಯದು ಸರ್ಕಾರದ ‘ಎಂ-ಪರಿವಾಹನ್’. ಮೊಬೈಲಿನಲ್ಲಿ ನಂಬರು ಹಾಕಿದರೆ ನೋಂದಣಿ ತಾರೀಖು, ಇಂಧನ, ವಿಮೆ ಮತ್ತು ಹೊಗೆ ಚೀಟಿಯ ಅವಧಿ ತೋರಿಸುತ್ತದೆ. ಸಾಲ ಬಾಕಿ ಇದೆಯೋ ಎಂಬುದನ್ನು ಆರ್‌ಸಿಯಲ್ಲಿ ನೋಡಿರಿ. ಬ್ಯಾಂಕಿನ ಹೆಸರು ಇದ್ದರೆ ಬ್ಯಾಂಕಿನ ಪತ್ರ ಮತ್ತು 35ನೇ ನಮೂನೆ ಇಲ್ಲದೆ ವ್ಯವಹಾರ ಬೇಡ. ಬಾಕಿ ದಂಡಗಳನ್ನು ಇ-ಚಲನ್‌ನಲ್ಲಿ ನೋಡಿರಿ. ಬೆಂಗಳೂರಿನಲ್ಲಿ ಸಿಗ್ನಲ್ಲು ಹಾರಿದವನ ದಂಡ ಘಟಪ್ರಭೆಯವರು ಯಾಕೆ ಕಟ್ಟಬೇಕು? ಕಳುವಿನ ಬಂಡಿಯೋ ಎಂಬುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ‘ವಾಹನ ಸಮನ್ವಯ’ ಇದೆ. ಪುಸ್ತಕದಲ್ಲಿರುವ ಚಾಸಿ ನಂಬರನ್ನು ಕಾರಿನ ತಗಡಿನ ಮೇಲೆ ಕೊರೆದ ನಂಬರಿಗೆ ಅಕ್ಷರ ಅಕ್ಷರ ಹೋಲಿಸಿರಿ. ಅಲ್ಲಿ ಹೊಸ ಬಣ್ಣವೋ ಬೆಸುಗೆಯೋ ಕಂಡರೆ ಮಾತು ಮುಗಿಸಿರಿ.

ಮೀಟರನ್ನು ನಂಬಲೇಬೇಡಿರಿ. ಈಗಿನ ಮೀಟರು ತಿರುಗಿಸಲು ಸ್ಕ್ರೂ ಸಹ ಬಿಚ್ಚಬೇಕಿಲ್ಲ. ಬ್ರೇಕಿನ ಪೆಡಲಿನ ರಬ್ಬರು ನೋಡಿರಿ, ಸ್ಟೇರಿಂಗಿನ ಮೇಲೆ ಕೈ ಇಡುವ ಜಾಗ ನುಣುಪಾಗಿದೆಯೋ ನೋಡಿರಿ. 30 ಸಾವಿರ ಓಡಿದ ಕಾರಿನ ಪೆಡಲು ಸವೆದು ಕಬ್ಬಿಣ ಕಾಣುವುದಿಲ್ಲ. ಟಾಯರಿನ ಮೇಲೆ ನಾಲ್ಕು ಅಂಕಿ ಕೊರೆದಿರುತ್ತದೆ. ಮೊದಲೆರಡು ವಾರ, ನಂತರದ್ದು ವರ್ಷ. 2318 ಎಂದರೆ 2018ರ 23ನೇ ವಾರದ ಟಾಯರು. 40 ಸಾವಿರವೂ ಓಡದ 2018ರ ಕಾರಿಗೆ ನಾಲ್ಕೂ ಟಾಯರು 2022ರದು ಇದ್ದರೆ ಯಾಕೆ ಬದಲಿಸಿದರು ಎಂದು ಕೇಳಬೇಕಲ್ಲವೇ? ಗಾಜುಗಳ ಮೂಲೆಯಲ್ಲೂ ತಯಾರಿಕೆಯ ಗುರುತು ಇರುತ್ತದೆ. ಐದು ಗಾಜು ಒಂದು ವರ್ಷದ್ದು, ಒಂದು ಬೇರೆ ವರ್ಷದ್ದು ಎಂದರೆ ಆ ಮಗ್ಗುಲು ಪೆಟ್ಟು ತಿಂದಿದೆ.

ಎಂಜಿನ್ನಿನ ವಿಷಯದಲ್ಲಿ ಒಂದೇ ಮಾತು. ನೀವು ಹೋಗುವ ಮುಂಚೆಯೇ ಗಾಡಿ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಮೋಸದ ವಾಸನೆ. ಬಾನೆಟ್ಟಿನ ಮೇಲೆ ಕೈ ಇಟ್ಟು ತಣ್ಣಗಿದ್ದರೆ ಮಾತ್ರ ಮುಂದುವರಿಯಿರಿ. ತಣ್ಣಗಿನ ಎಂಜಿನ್ನು ಮೊದಲ ಹೊಡೆತಕ್ಕೆ ತನ್ನ ರೋಗ ತಾನೇ ಹೇಳುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಬಿಳಿ ಹೊಗೆ ಬಂದು ನಿಲ್ಲದಿದ್ದರೆ ಒಳಗೆ ನೀರು ಸೋರುತ್ತಿದೆ. ಎಣ್ಣೆಯ ಮುಚ್ಚಳ ತೆಗೆದಾಗ ಒಳಗೆ ಮಜ್ಜಿಗೆಯಂತಹ ನೊರೆ ಅಂಟಿದ್ದರೂ ಅದೇ ರೋಗ. ಉಳಿದದ್ದನ್ನು ಮಿಸ್ತ್ರಿಗೆ ಬಿಡಿ. ನಿಮ್ಮ ಮಿಸ್ತ್ರಿ, ದಲಾಲಿಯ ಮಿಸ್ತ್ರಿಯಲ್ಲ. ಅವನಿಗೆ ದಿನದ ಕೂಲಿ, ಊಟ, ಬಸ್ಸಿನ ಖರ್ಚು ಕೊಟ್ಟು ಕರೆದೊಯ್ಯಿರಿ. ಈ ಸಾವಿರ ರೂಪಾಯಿಗೆ ಜೀವ ಬಿಡುವ ಮಂದಿ ಸೀಟಿನ ಕವರಿಗೆ ಎಂಟು ಸಾವಿರ ಸುರಿಯುತ್ತಾರೆ!

ಎಂಎಚ್ ನಂಬರಿನ ಸೋವಿ

ಹೊರರಾಜ್ಯದ ಕಾರು ಸೋವಿ ಯಾಕೆ ಎಂದು ಯಾರೂ ಕೇಳುವುದಿಲ್ಲ. ಮಹಾರಾಷ್ಟ್ರದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರು ಮಾಡಿಸಲೇಬೇಕು. ಅಲ್ಲಿಯ ಕಚೇರಿಯಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ತರಬೇಕು. ಇಲ್ಲಿ ಜೀವಾವಧಿ ತೆರಿಗೆ ಹೊಸದಾಗಿ ಕಟ್ಟಬೇಕು. ಕರ್ನಾಟಕದ ತೆರಿಗೆ ದೇಶದಲ್ಲಿಯೇ ಮೇಲ್ಮಟ್ಟದ್ದು. 5ರಿಂದ 10 ಲಕ್ಷದ ಪೆಟ್ರೋಲ್-ಡೀಸೆಲ್ ಕಾರಿಗೆ ಶೇ. 14, ಅದರ ಮೇಲೆ ಸೆಸ್ಸು. ಹಳೆಯ ಕಾರಿಗೆ ವಯಸ್ಸಿಗೆ ತಕ್ಕ ಕಡಿತವಿದೆ, ನಿಜ. ಆದರೆ ಲೆಕ್ಕ ಶುರುವಾಗುವುದು ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಇದನ್ನೆಲ್ಲ ಕೂಡಿಸಿದರೆ ಸೋವಿ ಎಂದದ್ದು ಎಷ್ಟೋ ಸಲ ಕೆಎ-49ರ ಕಾರಿಗಿಂತ ತುಟ್ಟಿ ಬೀಳುತ್ತದೆ. ಕೆಎ-49ರದಾದರೆ ಹಿಂದಿನ ಮಾಲೀಕನ ಓಣಿಗೆ ಹೋಗಿ ಚಹದಂಗಡಿಯಲ್ಲಿ ವಿಚಾರಿಸಬಹುದು. ಅದಕ್ಕಿಂತ ದೊಡ್ಡ ತಪಾಸಣಾ ಕೇಂದ್ರ ಯಾವುದಿದೆ?

ಮಾರಿದವರಿಗೂ ಕುತ್ತು

ಕೊಳ್ಳುವವರ ಮಾತಾಯಿತು. ಮಾರಿ ಕೈತೊಳೆದುಕೊಂಡವರು ನಿಶ್ಚಿಂತೆಯಿಂದ ಮಲಗಬೇಡಿರಿ. 29 ಮತ್ತು 30ನೇ ನಮೂನೆಗೆ ಖಾಲಿ ಸಹಿ ಹಾಕಿ ಕಾರು ಕೊಟ್ಟು ಬರುವ ಚಾಳಿ ನಮ್ಮಲ್ಲಿ ಇದೆ. ದಲಾಲಿ ಅದನ್ನು ಜೇಬಿನಲ್ಲಿಟ್ಟುಕೊಂಡು ಕೈಯಿಂದ ಕೈಗೆ ದಾಟಿಸುತ್ತಾನೆ. ಸರ್ಕಾರದ ಪುಸ್ತಕದಲ್ಲಿ ಮಾಲೀಕ ಇನ್ನೂ ನೀವೇ. 2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಆ ವಾಹನವನ್ನು ಮಾಲೀಕ 2007ರಲ್ಲಿಯೇ ಮಾರಿದ್ದ, ಅದು ಹಲವು ಕೈ ದಾಟಿತ್ತು, ಅಪಘಾತ ಆದದ್ದು 2009ರಲ್ಲಿ. ಆದರೂ ದಾಖಲೆಯಲ್ಲಿ ಹೆಸರಿದ್ದವನೇ ಪರಿಹಾರಕ್ಕೆ ಹೊಣೆ ಎಂದು ತೀರ್ಪಾಯಿತು. ಕಾಯ್ದೆಯ ಪ್ರಕಾರ ಮಾರಿದವನು ಇದೇ ರಾಜ್ಯದೊಳಗಾದರೆ 14 ದಿನದಲ್ಲಿ ವರದಿ ಮಾಡಬೇಕು, ಕೊಂಡವನು 30 ದಿನದಲ್ಲಿ. ಕೊಂಡವನು ವಿಮೆಯನ್ನೂ 14 ದಿನದಲ್ಲಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಎದುರಿನವನಿಗೆ ಪೆಟ್ಟಾದರೆ ವಿಮೆ ಬಂದೀತು, ನಿಮ್ಮ ಕಾರು ಜಜ್ಜಿದ್ದಕ್ಕೆ ಬರಲಾರದು.

ದಲಾಲಿಗಳ ಮಾತನ್ನೂ ಕೇಳಿದೆ. ಒಬ್ಬರು ಮುಖಕ್ಕೆ ಹೊಡೆದಂತೆ ಹೇಳಿದರು: ‘ನಾವೂ ಮತ್ತೊಬ್ಬನ ಕಡೆ ತಗೊಂಡಿರತೇವ್ರಿ, ನಮಗೂ ಹೇಳಿರೂದಿಲ್ಲ. ಗಿರಾಕಿ ಕೇಳೂದು ಎರಡ ಪ್ರಶ್ನೆ, ಆವರೇಜ್ ಎಷ್ಟ, ಕಡೀ ರೇಟ್ ಎಷ್ಟ. ಬೆಲ್ಟ್ ಎಳೆದು ನೋಡಿದ ಗಿರಾಕಿ ಇಷ್ಟ ವರ್ಷದಾಗ ಒಬ್ಬನೂ ಬಂದಿಲ್ಲ.’ ಈ ಮಾತಿನಲ್ಲಿ ಖರೆ ಇದೆ. ಎಲ್ಲ ದಲಾಲಿಗಳು ಮೋಸಗಾರರಲ್ಲ. ನೆರೆಹೊರೆಯಲ್ಲಿ ಮುಖ ತೋರಿಸಬೇಕೆಂಬ ಅಂಜಿಕೆ ಇದ್ದವರು ಇದ್ದಾರೆ. ಆದರೆ ಅವರಿಗೂ ಒಂದು ಪ್ರಶ್ನೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಹಳೆಯ ವಾಹನದ ವ್ಯಾಪಾರಿ ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು. ಕಾರು ಅವನ ವಶಕ್ಕೆ ಬಂದದ್ದನ್ನು ಇಲಾಖೆಗೆ ತಿಳಿಸಿದ ಮೇಲೆ ಅದರ ಹೊಣೆ ಅವನದೇ. ನಮ್ಮ ರಸ್ತೆಬದಿಯ ಖಾಲಿ ಜಾಗಗಳಲ್ಲಿ ಹತ್ತಿಪ್ಪತ್ತು ಕಾರು ನಿಲ್ಲಿಸಿದವರಲ್ಲಿ ಈ ಪತ್ರ ಗೋಡೆಗೆ ತೂಗುಹಾಕಿದವರು ಎಷ್ಟು ಮಂದಿ? ಕೊಳ್ಳುವವರು ಹೋದ ಕೂಡಲೇ ಅದನ್ನೇ ಮೊದಲು ಕೇಳಬೇಕು.

ಸರ್ಕಾರಕ್ಕೂ ವಿಮೆಯವರಿಗೂ ಹೇಳುವುದಿದೆ. ಯಾವ ಕಾರು ಮುಳುಗಿತ್ತು, ಯಾವುದಕ್ಕೆ ‘ಪೂರ್ಣ ನಷ್ಟ’ದ ಪರಿಹಾರ ಹೋಯಿತು ಎಂಬ ಪಟ್ಟಿ ವಿಮೆ ಕಂಪನಿಗಳ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಸಾರಿಗೆ ಇಲಾಖೆಯ ಕಂಪ್ಯೂಟರಿನಲ್ಲಿ ಪ್ರತಿ ಕಾರಿಗೂ ಒಂದು ಪುಟ ಇದೆ. ಆ ಪಟ್ಟಿಯ ಒಂದು ಸಾಲು ಈ ಪುಟಕ್ಕೆ ಬಂದರೆ ಸಾಕು: ‘ಈ ವಾಹನಕ್ಕೆ ಇಂಥ ವರ್ಷ ಪೂರ್ಣ ನಷ್ಟದ ಪರಿಹಾರ ನೀಡಲಾಗಿದೆ.’ ಅಮೆರಿಕದಲ್ಲಿ ಇಂಥ ಕಾರಿನ ಕಾಗದದ ಮೇಲೆಯೇ ‘ಸಾಲ್ವೇಜ್’ ಎಂದು ಮುದ್ರೆ ಹೊಡೆಯುತ್ತಾರೆ. ಕೊಳ್ಳುವವನು ಗೊತ್ತಿದ್ದೇ ಕಡಿಮೆ ಬೆಲೆಗೆ ಕೊಳ್ಳುತ್ತಾನೆ, ಯಾರಿಗೂ ಮೋಸವಿಲ್ಲ. ನಮ್ಮಲ್ಲಿ ಸಿಗ್ನಲ್ಲು ಹಾರಿದ 500 ರೂಪಾಯಿ ದಂಡ ಮೊಬೈಲಿನಲ್ಲಿ ಕಾಣಿಸುತ್ತದೆ. ಕಾರು ಮೂರು ದಿನ ಹೊಳಿಯಲ್ಲಿ ಮುಳುಗಿದ್ದು ಕಾಣಿಸುವುದಿಲ್ಲ. ನಮ್ಮ ಭಾಗದ ಶಾಸಕರು, ಸಂಸದರು ಮಹಾಪೂರ ಬಂದಾಗ ದೋಣಿಯಲ್ಲಿ ಬಂದು ಹೋಗುತ್ತಾರೆ. ಈ ಒಂದು ಸಾಲಿಗಾಗಿ ಸದನದಲ್ಲಿ ಬಾಯಿ ತೆರೆಯಲಿ.

ಕಿರಾಣಿ ವ್ಯಾಪಾರಿಯ ಕಾರು ಈಗ ಅಂಗಡಿಯ ಹಿಂದೆ ತಾಡಪತ್ರಿ ಹೊದ್ದು ನಿಂತಿದೆ. ಮೊನ್ನೆ ಅದನ್ನು ನೋಡಲು ಒಬ್ಬ ಹುಡುಗ ಬಂದಿದ್ದನಂತೆ. ಹೊಸದಾಗಿ ಲಗ್ನ ಆದವನು, ಬಣ್ಣ ಮೆಚ್ಚಿಕೊಂಡು 2 ಲಕ್ಷ 80 ಸಾವಿರಕ್ಕೆ ಕೈ ಚಾಚಿದನಂತೆ. ‘ಕೊಟ್ಟಬಿಟ್ಟಿದ್ರ ನನ್ನ ಅರ್ಧ ಲುಕಸಾನ ಮುಚ್ಚತಿತ್ತು’ ಎಂದು ಇವರು ತಕ್ಕಡಿಯ ಕಲ್ಲು ಜೋಡಿಸುತ್ತ ನನ್ನೆದುರು ಹೇಳಿದರು. ಕೊಡಲಿಲ್ಲ. ಗಾಲೀಚೆ ಎತ್ತಿ ರಾಡಿ ತೋರಿಸಿ, ಬೆಲ್ಟು ಎಳೆದು ತೋರಿಸಿ ಕಳಿಸಿದರಂತೆ. ತಾಯಿಯನ್ನು ಮುಂದಿನ ಸೋಮವಾರ ಬೆಳಗಾವಿಗೆ ಒಯ್ಯಬೇಕು, ಬಾಡಿಗೆ ಗಾಡಿ ಹೇಳಿದ್ದಾರೆ.